ಪದಚರ್ಚೆ: ಮೆಕ್ಸಿಕೊದ ಹಸಿರು ಕೋಳಿಸಾರು ಮತ್ತು ‘ಮುಸುಕಿನ ಟೊಮೆಟೊ’

ಮಾನ್ಯರೇ,

ಮೆಕ್ಸಿಕೊದ ಗ್ವಾದಲಹಾರದಲ್ಲಿ ಕೆಲಸದಲ್ಲಿರುವ ನನ್ನ ಮಗಳು ಕಳೆದ ಚಳಿಗಾಲದಲ್ಲಿ ಜ್ವರ ಬಂದು ಮಲಗಿದ್ದಾಗ, ಅವಳು ಬಾಡಿಗೆಗಿರುವ ಮನೆಯ ಒಡತಿ ದೊಡ್ಡ ಬೋಗುಣಿಯ ತುಂಬ ಹಸಿರು ಬಣ್ಣದ ಕೋಳಿಸಾರನ್ನು ತಂದು ಎದುರಿಗೆ ಕೂತು ಕುಡಿಸಿದರಂತೆ. ಆ ತಾಯಿ ದಕ್ಷಿಣದ ಗೆರೆರೊ ರಾಜ್ಯದವರು. ಅಲ್ಲಿ ಗುರುವಾರವೆಂದರೆ ಪೊಸೋಲೆಯ, ಎಂದರೆ ದಪ್ಪ ಮೆಕ್ಕೆಜೋಳದ ಕಾಳು ಹಾಕಿದ ಮಾಂಸದ ಸಾರಿನ ದಿನ, ಅದರಲ್ಲೂ ಹಸಿರು ಪೊಸೋಲೆಯ ದಿನ. ಮಗಳು ಮಾಡುವ ಕ್ರಮವನ್ನು ಅವರಿಂದ ಕೇಳಿ ಬರೆದುಕೊಂಡು ನನಗೆ ಕಳಿಸಿದಳು. ಅದನ್ನು ಮೈಸೂರಿನ ನಮ್ಮ ಮನೆಯಲ್ಲಿ ಎರಡು ಬಾರಿ ಮಾಡಿದ ಮೇಲೆ, ನಮ್ಮ ಪದಚರ್ಚೆಯ ಬಳಗದವರಿಗೆ ಉಪಯೋಗವಾಗಲೆಂದು ಕನ್ನಡದಲ್ಲಿ ಬರೆದಿಡಲು ಕುಳಿತೆ. ಅಡುಗೆ ಕೈಗೆ ಹತ್ತಿದಷ್ಟು ಸುಲಭವಾಗಿ ಪದಗಳು ಹತ್ತಲಿಲ್ಲ. ಆದ್ದರಿಂದ ಈ ಪತ್ರ.

ಚರ್ಚೆಗೆ ಆಧಾರವಾಗಲೆಂದು ಅಡುಗೆಯನ್ನು ಮೊದಲು ಹೇಳುತ್ತೇನೆ. ಒಂದೂವರೆ ಕೆ.ಜಿ. ಕೋಳಿಯನ್ನು ಈರುಳ್ಳಿ, ಬೆಳ್ಳುಳ್ಳಿ ಮತ್ತು ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ಮಾಂಸವನ್ನು ಮೂಳೆಯಿಂದ ಎಳೆ ಎಳೆಯಾಗಿ ಬಿಡಿಸಿಟ್ಟುಕೊಳ್ಳಬೇಕು. ಸುಣ್ಣದ ನೀರಿನಲ್ಲಿ ಬೇಯಿಸಿ ಸಿಪ್ಪೆ ಕಳೆದ ದಪ್ಪ ಮೆಕ್ಕೆಜೋಳದ ಕಾಳನ್ನು ಬೇರೆ ನೀರಿನಲ್ಲಿ ಮತ್ತೆ ಬಹಳ ಹೊತ್ತು ಬೇಯಿಸಬೇಕು. ಅರ್ಧ ಕೆ.ಜಿ. ತೊಮತಿಯೊ ಎಂಬ ಹೊದಿಕೆಯುಳ್ಳ ಹಸಿರು ಹುಳಿಕಾಯಿ, ನಾಲ್ಕೈದು ಹಸಿಮೆಣಸಿನಕಾಯಿ, ಒಂದು ಕಟ್ಟು ಕೊತ್ತಂಬರಿ ಸೊಪ್ಪು ಮತ್ತು ಹುರಿದ ಸುಮಾರು 100 ಗ್ರಾಂ ಸಿಹಿಗುಂಬಳದ ಬೀಜವನ್ನು ನುಣ್ಣಗೆ ರುಬ್ಬಿ, ಆ ರುಬ್ಬನ್ನು ಬಿಸಿ ಕೊಬ್ಬಿನಲ್ಲಿ ಹಸಿವಾಸನೆ ಹೋಗಿ ಬಣ್ಣ ಸ್ವಲ್ಪ ಮಂಕಾಗುವ ತನಕ ಬಾಡಿಸಿ, ಕೋಳಿ ಬೆಂದ ನೀರಿಗೆ ಕಾಳು ಮತ್ತು ಮಾಂಸದೊಂದಿಗೆ ಕೂಡಿಸಿ ಕುದಿಸಿದರೆ ಸಾರು ಸಿದ್ಧವಾಗುತ್ತದೆ. ಬಡಿಸುವಾಗ ನಿಂಬೆರಸ, ಮೂಲಂಗಿಯ ಬಿಲ್ಲೆ, ಹಸಿ ಈರುಳ್ಳಿ ಮತ್ತು ಬೆಣ್ಣೆಹಣ್ಣಿನ ಹೋಳನ್ನು ಮೇಲೆ ಹಾಕಿಕೊಳ್ಳುತ್ತಾರೆ. ಗರಿಗರಿಯಾದ ಮೆಕ್ಕೆಜೋಳದ ರೊಟ್ಟಿಯನ್ನು ಜೊತೆಗೆ ನಂಜಿಕೊಳ್ಳುತ್ತಾರೆ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ತೊಮತಿಯೊವನ್ನು ಕನ್ನಡದಲ್ಲಿ ಏನೆನ್ನೋಣ? ಮೆಕ್ಸಿಕೊದ ನಡುಭಾಗದವರು ಇದನ್ನು ‘ತೊಮಾತೆ ವೆರ್ದೆ’, ಎಂದರೆ ಹಸಿರು ಟೊಮೆಟೊ ಎನ್ನುತ್ತಾರೆ. ಅದನ್ನು ಹಾಗೆಯೇ ಅನುವಾದಿಸಿದರೆ ತಪ್ಪಾಗುತ್ತದೆಂಬುದಕ್ಕೆ ನನ್ನ ಮೊದಲ ಪ್ರಯತ್ನವೇ ಸಾಕ್ಷಿ. ‘ಹಸಿರು ಟೊಮೆಟೊ’ ಎಂದು ಬರೆದುಕೊಂಡು ಸಂತೆಗೆ ಹೋದ ನಾನು ತಂದದ್ದು ಟೊಮೆಟೊ ಕಾಯಿಯನ್ನು. ಕಾಯಿಗೂ ಹಣ್ಣಿಗೂ ಬೇರೆ ಬೇರೆ ಮಾತಿರುವ ನಮ್ಮ ನುಡಿಯಲ್ಲಿ ‘ಹಸಿರು ಟೊಮೆಟೊ’ ಎಂದ ಕೂಡಲೇ ಇನ್ನೂ ಹಣ್ಣಾಗದ ಕೆಂಪು ಟೊಮೆಟೊ ಎಂಬ ಅರ್ಥವೇ ಮನಸ್ಸಿಗೆ ಬರುತ್ತದೆ. ತೊಮತಿಯೊ ಅದಲ್ಲ. ಅದು ಫೈಸಾಲಿಸ್ ಕುಲದ ಬೇರೆಯೇ ಗಿಡ. ಹೂವಿನ ಪುಷ್ಪಪಾತ್ರೆ ಕಾಯಿಯ ಜೊತೆಗೇ ಬೆಳೆದು, ತೆಳ್ಳನೆಯ ಕಾಗದದಂತೆ ಅದನ್ನು ಸುತ್ತುತ್ತದೆ, ಬಲಿತ ಕಾಯಿ ಆ ಹೊದಿಕೆಯನ್ನು ತುಂಬಿ ಕೆಲವೊಮ್ಮೆ ಸೀಳುತ್ತದೆ. ಅದರಲ್ಲಿ ಪೆಕ್ಟಿನ್ ಎಂಬ ಮಂದಗೊಳಿಸುವ ಅಂಶ ಇರುವುದರಿಂದ ಸಾರಿಗೆ ತಾನೇ ತಾನಾಗಿ ಒಂದು ಮಂದತನ ಬರುತ್ತದೆ. ನನ್ನ ಟೊಮೆಟೊ ಕಾಯಿಯ ಸಾರು ರುಚಿಯಾಗಿಯೇ ಇತ್ತು, ಆದರೆ ತೆಳ್ಳಗಿತ್ತು, ಹುಳಿಗೆಂದು ನಿಂಬೆಯನ್ನೂ ಹೆಚ್ಚು ಹಿಂಡಬೇಕಾಯಿತು.

ಈ ಕುಲ ನಮಗೆ ಅಪರಿಚಿತವೇನಲ್ಲ. ಹೊಲದ ಬದುವಿನಲ್ಲಿ, ರಾಗಿಯ ಸಾಲಿನ ನಡುವೆ ತಾನಾಗಿ ಹುಟ್ಟುವ ಗುಪ್ಪಟೆ ಗಿಡ ಇದರ ಹತ್ತಿರದ ಬಂಧು. ಕೆಲವು ಕಡೆ ಅದರ ಹಣ್ಣನ್ನು ಬುಡ್ಡೆಹಣ್ಣು ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅದರ ಉಬ್ಬಿದ ಹೊದಿಕೆಯನ್ನು ಹಣೆಗೆ ಹೊಡೆದು ಟಪ್ಪೆನ್ನಿಸುತ್ತಿದ್ದುದು ಈ ಬಳಗದ ಹಲವರಿಗೆ ನೆನಪಿರಬಹುದು. ಹಾಗಿದ್ದರೆ ತೊಮತಿಯೊವನ್ನು ‘ಸೀಮೆಗುಪ್ಪಟೆ’ ಎನ್ನಬಹುದೇ ಎಂಬುದು ನನಗೆ ಹೊಳೆದ ಮೊದಲ ದಾರಿ. ಇದಕ್ಕೆ ಒಳ್ಳೆಯ ಮೇಲ್ಪಂಕ್ತಿಯೂ ಇದೆ. ಮೆಕ್ಸಿಕೊದವರು ‘ಚಯೋತೆ’ ಎನ್ನುವ ತರಕಾರಿ ನಮ್ಮಲ್ಲಿ ಸೀಮೆಬದನೆಕಾಯಿ ಆಗಿದೆ. ಚಯೋತೆ ಬದನೆಯ ಜಾತಿಯಲ್ಲ, ಸೋರೆ–ಕುಂಬಳದ ಬಳಗದ್ದು; ಆದರೂ ಹೆಸರು ನಿಂತಿತು. ನಿಜವಾದ ಬಂಧುತ್ವವಿರುವ ಸೀಮೆಗುಪ್ಪಟೆಗೆ ನಿಲ್ಲುವ ಹಕ್ಕು ಇನ್ನೂ ಹೆಚ್ಚು.

ಎರಡನೆಯ ದಾರಿ ನನಗೆ ಹೆಚ್ಚು ಪ್ರಿಯವಾದದ್ದು. ಮೆಕ್ಸಿಕೊದಲ್ಲಿ ಇದೇ ಕಾಯಿಗೆ ‘ತೊಮಾತೆ ದೆ ಕಾಸ್ಕರ’ ಎಂಬ ಹೆಸರೂ ಇದೆ, ಎಂದರೆ ಹೊರಸಿಪ್ಪೆಯ ಟೊಮೆಟೊ. ಮೈಸೂರು, ಚಾಮರಾಜನಗರದ ಕಡೆಯ ನಾವು ಮೆಕ್ಕೆಜೋಳವನ್ನು ಮುಸುಕಿನ ಜೋಳ ಎನ್ನುತ್ತೇವೆ. ಹೊರಗಿನಿಂದ ಬಂದ ಧಾನ್ಯವನ್ನು ಕಂಡ ನಮ್ಮ ರೈತರು, ಅದರ ಹೆಸರನ್ನು ಯಾರಿಂದಲೂ ಕಡ ತರದೆ, ತೆನೆ ಮುಸುಕು ಹಾಕಿಕೊಂಡಿದೆ ಎಂಬ ಒಂದೇ ಗುರುತಿನಿಂದ ಹಳೆಯ ಜೋಳದಿಂದ ಹೊಸ ಜೋಳವನ್ನು ಬೇರ್ಪಡಿಸಿದರು. ಅದೇ ಜಾಡಿನಲ್ಲಿ ನಡೆದರೆ ತೊಮತಿಯೊ ‘ಮುಸುಕಿನ ಟೊಮೆಟೊ’ ಆಗುತ್ತದೆ. ಕೇಳಿದವರಿಗೆ ವಿವರಣೆ ಬೇಕಾಗುವುದಿಲ್ಲ. ಮುಸುಕು ಬಿಡಿಸಿ, ಅಂಟು ಹೋಗುವ ಹಾಗೆ ತೊಳೆಯಬೇಕೆಂಬ ಅಡುಗೆಯ ಮೊದಲ ಹೆಜ್ಜೆಯೂ ಆ ಹೆಸರಿನಲ್ಲೇ ಇದೆ.

‘ಟೊಮೆಟೊ ಜಾತಿಯದಲ್ಲದ ಕಾಯಿಗೆ ಆ ಹೆಸರೇಕೆ?’ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಉತ್ತರ ಆ ಪದದ ಮೂಲದಲ್ಲೇ ಸಿಗುತ್ತದೆ. ಮೆಕ್ಸಿಕೊದ ಮೂಲಭಾಷೆಗಳಲ್ಲಿ ಒಂದಾದ ನಾವಾತ್ಲಿನಲ್ಲಿ ‘ತೊಮಾತ್ಲ್’ ಎಂಬುದು ಇಂಥ ರಸಭರಿತ ಕಾಯಿಗಳಿಗೆಲ್ಲ ಸಲ್ಲುವ ಹೆಸರಾಗಿತ್ತು. ಹೊಲದಲ್ಲಿ ಬೆಳೆಯುವ ಮುಸುಕಿನದು ‘ಮಿಲ್‌ತೊಮಾತ್ಲ್’, ನಾವು ಇಂದು ಟೊಮೆಟೊ ಎನ್ನುವ ಕೆಂಪು ಹಣ್ಣು ‘ಶಿತೊಮಾತ್ಲ್’. ಇಂದಿಗೂ ಮೆಕ್ಸಿಕೊ ನಗರದ ಸಂತೆಯಲ್ಲಿ ಕೆಂಪಿಗೆ ‘ಹಿತೊಮಾತೆ’, ಹಸಿರಿಗೆ ಬರಿಯ ‘ತೊಮಾತೆ’ ಎನ್ನುತ್ತಾರೆ. ಲೋಕದ ಉಳಿದೆಡೆ ಮಾತ್ರ ಆ ಬರಿಯ ಹೆಸರು ಕೆಂಪು ಹಣ್ಣಿನ ಪಾಲಾಯಿತು. ನಮ್ಮ ನೆರೆಯ ತಮಿಳಿನಲ್ಲೂ ಇಂಥದೇ ಪಲ್ಲಟ ನಡೆದಿರುವುದು ನನಗೆ ಬಹಳ ಸೋಜಿಗದ ಸಂಗತಿ. ಇಂದು ಟೊಮೆಟೊ ಎಂಬ ಅರ್ಥದಲ್ಲಿ ಬಳಸುವ ‘ತಕ್ಕಾಳಿ’ ಎಂಬ ಪದ ಅಲ್ಲಿ ಮೊದಲು ಗುಪ್ಪಟೆಯ ಹೆಸರಾಗಿತ್ತು. ಎರಡು ದೂರದ ನುಡಿಗಳಲ್ಲಿ ಮುಸುಕಿನ ಕಾಯಿಯ ಹೆಸರು ಕೆಂಪು ಹಣ್ಣಿಗೆ ಸಂದಿದೆ. ಕನ್ನಡದಲ್ಲಿ ಕೆಂಪು ಹಣ್ಣಿನ ಹೆಸರನ್ನು ಮುಸುಕಿನ ಕಾಯಿಗೆ ಕೊಟ್ಟರೆ, ಸಾಲ ಪಡೆದದ್ದನ್ನು ಒಡೆಯನಿಗೆ ಮರಳಿಸಿದಂತೆಯೇ ಆಗುತ್ತದೆ.

ಇನ್ನು ಸುಣ್ಣದಲ್ಲಿ ಬೆಂದ ಕಾಳಿನ ಮಾತು. ಇದಕ್ಕೆ ಮೆಕ್ಸಿಕೊದಲ್ಲಿ ‘ನಿಶ್ತಮಾಲ್’ ಎನ್ನುತ್ತಾರೆ. ನಾವಾತ್ಲಿನ ‘ನೆಶ್ತ್ಲಿ’ ಎಂದರೆ ಬೂದಿ, ‘ತಮಾಲ್ಲಿ’ ಎಂದರೆ ಹಿಟ್ಟಿನ ಕಡುಬು. ಇಂಗ್ಲಿಷ್ ಪಾಕಪುಸ್ತಕಗಳ ‘ಹಾಮಿನಿ’ ಎಂಬ ಪದ ಉತ್ತರ ಅಮೆರಿಕದ ಬೇರೆ ಮೂಲನಿವಾಸಿಗಳ ನುಡಿಯಿಂದ ಬಂದದ್ದು, ಇಲ್ಲಿ ಅದರ ಅಗತ್ಯ ನನಗೆ ಕಾಣುವುದಿಲ್ಲ. ಕನ್ನಡದಲ್ಲಿ ಏನೇ ಹೆಸರಿಟ್ಟರೂ ಅದರೊಳಗೆ ‘ಸುಣ್ಣ’ ಎಂಬ ಮಾತು ಇರಲೇಬೇಕೆಂಬುದು ನನ್ನ ಆಗ್ರಹ. ಒಂದು ಕೆ.ಜಿ. ಕಾಳಿಗೆ ಸುಮಾರು 10 ಗ್ರಾಂ ತಿನ್ನುವ ಸುಣ್ಣ ಹಾಕಿ ಬೇಯಿಸಿ ನೆನೆಸಿಟ್ಟರೆ ಸಿಪ್ಪೆ ಜಾರುವುದು ಮಾತ್ರವಲ್ಲ, ಕಾಳಿನೊಳಗೆ ದೇಹಕ್ಕೆ ದಕ್ಕದಂತೆ ಸಿಕ್ಕಿಕೊಂಡಿರುವ ನಯಾಸಿನ್ ಎಂಬ ಜೀವಸತ್ವವೂ ಬಿಡುಗಡೆಯಾಗುತ್ತದೆ. ಮೆಕ್ಕೆಜೋಳವನ್ನು ಕೊಂಡೊಯ್ದು ಸುಣ್ಣವನ್ನು ಬಿಟ್ಟುಹೋದ ಇಟಲಿಯ ಉತ್ತರ ಭಾಗದಲ್ಲಿಯೂ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿಯೂ ಅದನ್ನೇ ಉಂಡು ಬದುಕಿದ ಬಡವರು ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರ ರೋಗದಿಂದ ನರಳಿದರು. ಸುಣ್ಣದ ಸಂಸ್ಕಾರವನ್ನು ಮರೆಸುವ ಹೆಸರಿಗಿಂತ ನೆನಪಿಸುವ ಹೆಸರು ಮೇಲು. ‘ಸುಣ್ಣಜೋಳ’ ಎಂಬ ಸಮಾಸ ನಿಮಗೆ ಹೇಗೆ ಕೇಳಿಸುತ್ತದೆ?

‘ಪೊಸೋಲೆ’ ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ, ಏಕೆಂದರೆ ‘ಹಸಿರು ಸಾರು’ ಎಂದರೆ ಸೊಪ್ಪಿನ ಸಾರೆಂದೇ ಓದುಗರು ತಿಳಿಯುತ್ತಾರೆ. ಆದರೆ ಅರ್ಥ ವಿವರಿಸುವಾಗ ‘ಸೂಪು’ ಎನ್ನದೆ ‘ಎಸರು’ ಎನ್ನಬೇಕೆಂದು ಕೇಳಿಕೊಳ್ಳುತ್ತೇನೆ. ಪೊಸೋಲೆಯ ಮೂಲವಾದ ‘ಪೊಸೊಲ್ಲಿ’ಯ ಬೆನ್ನಿಗಿರುವ ‘ಪೊಸೊನಿ’ ಎಂಬ ಧಾತುವಿಗೆ ಕುದಿ, ನೊರೆಯೇಳು ಎಂಬ ಅರ್ಥವಿದೆ. ಅನ್ನಕ್ಕೆ ಎಸರಿಡುವಾಗ ಎಸರು ಎಂದರೆ ಕುದಿಯುವ ನೀರು, ಮಂಡ್ಯದ ಕಡೆಯ ಉಪ್ಪೆಸರಿನಲ್ಲಿ ಅದೇ ಮಾತು ಉಣ್ಣುವ ಸಾರಾಗಿದೆ. ಕುದಿತದ ಹೆಸರು ಖಾದ್ಯದ ಹೆಸರಾಗುವ ನಡೆ ಎರಡೂ ಕಡೆ ಒಂದೇ.

ಮನೆಯೊಡತಿ ಆ ಸಾರನ್ನು ಕೊಡುವಾಗ ‘ಇದು ಅಪಪಾಚೊ’ ಎಂದರಂತೆ. ಇದು ಮುದ್ದಿಸುವುದು, ಮೈಸವರಿ ಸಂತೈಸುವುದು ಎಂಬ ಅರ್ಥದಲ್ಲಿ ಅಲ್ಲಿ ದಿನಬಳಕೆಯಲ್ಲಿರುವ ಮಾತು. ಆತ್ಮದಿಂದ ಅಪ್ಪಿಕೊಳ್ಳುವುದು ಎಂಬ ಅರ್ಥ ಅದಕ್ಕಿದೆಯೆಂದು ಬಹಳ ಜನ ಬರೆಯುತ್ತಾರೆ, ಅದು ಸರಿಯಲ್ಲ. ಬೆರಳಿನಿಂದ ಒತ್ತಿ ಮೆತ್ತಗಾಗಿಸು ಎಂಬರ್ಥದ ನಾವಾತ್ಲ್ ಕ್ರಿಯಾಪದ ಅದರ ಮೂಲ. ನಮ್ಮ ಹಳೆಯ ‘ಮೈದಡವು’ ಎಂಬ ಮಾತು ಇದಕ್ಕೆ ತುಂಬ ಹತ್ತಿರದ್ದೆಂದು ತೋರುತ್ತದೆ. ‘ಮೈದಡವುವ ಸಾರು’ ಎಂದರೆ ಇಂದಿನ ಓದುಗರಿಗೆ ಕೃತಕವೆನ್ನಿಸೀತೇ ಎಂಬ ಅಳುಕಿನಿಂದ ನಾನು ‘ಹೊಟ್ಟೆ ತಣ್ಣಗಾಗಿಸುವ ಸಾರು’ ಎಂದು ಬರೆದಿದ್ದೇನೆ. ಕುದಿಕುದಿಯುವ ಸಾರು ಹೊಟ್ಟೆಯನ್ನು ತಣ್ಣಗಾಗಿಸುವುದು ಕನ್ನಡದಲ್ಲಿ ವಿರೋಧವಲ್ಲ.

ಕೊನೆಯದಾಗಿ ಉತ್ತರ ಕರ್ನಾಟಕದ ಸದಸ್ಯರಿಗೆ ಒಂದು ವಿಶೇಷ ಪ್ರಶ್ನೆ. ಪೊಸೋಲೆಗೆ ಹಾಕುವ ಕಕವಸಿಂತ್ಲೆ ಎಂಬ ದಪ್ಪಕಾಳಿನ ತುದಿಯಲ್ಲಿರುವ ಗಟ್ಟಿ ತೊಟ್ಟನ್ನು ಒಂದೊಂದಾಗಿ ಚಿವುಟಿ ತೆಗೆದರೆ, ಬೇಯುವಾಗ ಕಾಳು ಹೂವಿನಂತೆ ಬಿರಿಯುತ್ತದೆ. ಅದಕ್ಕೆ ಅವರು ‘ಕಾಳು ಹೂಬಿಟ್ಟಿತು’ ಎನ್ನುತ್ತಾರೆ. ನಮ್ಮಲ್ಲಿ ‘ಅರಳು’ ಎಂಬ ಒಂದೇ ಮಾತು ಹೂವಿಗೂ ಸಲ್ಲುತ್ತದೆ, ನಾಗರ ಪಂಚಮಿಗೆ ಹುರಿಯುವ ಜೋಳದ ಅರಳಿಗೂ ಸಲ್ಲುತ್ತದೆ. ಆದರೆ ಅದು ಬೆಂಕಿಯಲ್ಲಿ ಹುರಿದು ಸಿಡಿದ ಕಾಳು. ನೀರಿನಲ್ಲಿ ಬೆಂದು ಬಾಯಿಬಿಟ್ಟ ಗೋವಿನಜೋಳದ ಕಾಳಿಗೂ ನಿಮ್ಮ ಮನೆಗಳಲ್ಲಿ ‘ಅರಳಿತು’ ಎನ್ನುತ್ತೀರಾ, ಅಥವಾ ಅದಕ್ಕೆ ಬೇರೆ ಕ್ರಿಯಾಪದವಿದೆಯೇ? ಇದ್ದರೆ ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿರಿ.