ವಾಚಿನ ರೀಡಿಂಗ್ ನಿಲ್ಲದಿದ್ದರೆ ‘ಏರುಪೇರು’ ಅನ್ನಬಹುದೇ?

ಕೀ ಕೊಡುವ ವಾಚುಗಳ ಸರ್ವಿಸ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಬೇರೆ ತೊಂದರೆಗಳಿಗೆ ಎರಡು ಪದ ಬೇಕಾಗಿದೆ, ಜೊತೆಗೆ ಒಂದು ಅಳತೆಗೂ ಹೆಸರು ಬೇಕು.

ಎಚ್‌ಎಂಟಿ ಜನತಾ ವಾಚನ್ನೇ ತೆಗೆದುಕೊಳ್ಳಿ. ಅದು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಬಡಿಯುತ್ತದೆ. ತೊಳೆದು, ಎಣ್ಣೆ ಹಾಕಿ, ಟೈಮ್‌ಗ್ರಾಫರ್ ಎಂಬ ಪರೀಕ್ಷೆಯ ಯಂತ್ರದ ಮೇಲಿಟ್ಟರೆ ಅದು ಆ ಬಡಿತದ ಸದ್ದು ಕೇಳಿಸಿಕೊಂಡು ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚುಕಡಿಮೆ ಎಂದು ತೋರಿಸುತ್ತದೆ. ‘ಮುಂದೆ ಓಡುತ್ತೆ’, ‘ಹಿಂದೆ ಬೀಳುತ್ತೆ’ ಅನ್ನೋದು ಎಲ್ಲರಿಗೂ ಗೊತ್ತು. ರೀಡಿಂಗ್ ಬದಲಾಗುತ್ತಲೇ ಇದ್ದರೆ ಏನನ್ನಬೇಕು?

ಮೊದಲನೆಯದು, ವಾಚನ್ನು ಮಲಗಿಸಿದಾಗ ಒಂದು ರೀಡಿಂಗ್, ನೆಟ್ಟಗೆ ನಿಲ್ಲಿಸಿದಾಗ ಇನ್ನೊಂದು. ಎಷ್ಟು ಸಲ ನೋಡಿದರೂ ಅದೇ ಅಂತರ. ಇಲ್ಲಿ ಅತ್ತಿತ್ತ ತಿರುಗುವ ಬ್ಯಾಲೆನ್ಸ್ ಚಕ್ರದ ತೂಕ ಸಮವಿಲ್ಲವೇ, ಅದಕ್ಕೆ ಕಟ್ಟಿದ ಸಣ್ಣ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್, ನಡುವಿಗೆ ಕೂತಿಲ್ಲವೇ ಎಂದು ನೋಡಬೇಕು. ಇದಕ್ಕೆ ‘ಮಗ್ಗುಲಿನ ವ್ಯತ್ಯಾಸ’ ಎಂದು ಬರೆದಿದ್ದೇನೆ. ಡಯಲ್ ಮೇಲಿದ್ದರೆ ‘ಅಂಗಾತ’, ಕೆಳಗಿದ್ದರೆ ‘ಬೋರಲು’. ಇವೆರಡು ನನಗಂತೂ ತುಂಬಾ ಹಿಡಿಸಿವೆ. ಮನೆಮಾತಿನ ಪದಗಳು, ವಿವರಣೆಯೇ ಬೇಡ. ಆದರೆ ಅಂಗಾತ, ಬೋರಲುಗಳನ್ನೂ ‘ಮಗ್ಗುಲು’ ಎಂದೇ ಕರೆಯಬಹುದೇ? ಮಗ್ಗುಲು ಅಂದರೆ ಪಕ್ಕ ಅಲ್ವಾ? ‘ಭಂಗಿ’ ವಾಸಿಯೇ?

ಎರಡನೆಯದು, ವಾಚು ಅಲುಗಾಡದೆ ಅಂಗಾತವೇ ಇದೆ, ಆದರೂ ರೀಡಿಂಗ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಹಲ್ಲುಚಕ್ರದಲ್ಲಿ ಕಸ ಉಳಿದಿರಬಹುದು. ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿಯೋ, ಆಯಸ್ಕಾಂತದ ಗುಣ ಹತ್ತಿಯೋ ಸುರುಳಿಗಳು ಒಂದಕ್ಕೊಂದು ಅಂಟುತ್ತಿರಬಹುದು. ಕೀ ಪೂರ್ತಿ ಕೊಟ್ಟಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ‘ಏರುಪೇರು’ ಪದವನ್ನು ನಾನು ಇದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಎರಡಕ್ಕೂ ಅದನ್ನೇ ಬಳಸಿದರೆ ಓದಿದವರು ಕಸ ಹುಡುಕುವ ಬದಲು ಸುಮ್ನೆ ಬ್ಯಾಲೆನ್ಸ್ ಚಕ್ರಕ್ಕೆ ಕೈ ಹಾಕುತ್ತಾರೆ. ಕೆಟ್ಟರೆ ಅದನ್ನು ಸರಿಮಾಡುವುದು ಬಹಳ ಕಷ್ಟ.

ಟಿಕ್‌ಗೂ ಟಕ್‌ಗೂ ನಡುವಿನ ಅಂತರ ಸಮವಿಲ್ಲದಿದ್ದರೆ ‘ಕುಂಟು’ ಎಂದಿದ್ದೇನೆ. ಅದರಲ್ಲಿ ಅನುಮಾನವಿಲ್ಲ.

ಕೊನೆಯದು, ಬ್ಯಾಲೆನ್ಸ್ ಚಕ್ರ ನಡುವಿನಿಂದ ಒಂದು ಕಡೆಗೆ ಎಷ್ಟು ಡಿಗ್ರಿ ತಿರುಗುತ್ತದೆ ಎಂಬ ಅಳತೆ. ಪೂರ್ತಿ ಕೀ ಕೊಟ್ಟು ಅಂಗಾತ ಇಟ್ಟಾಗ 270ರಿಂದ 300 ಬಂದರೆ ಒಳ್ಳೆಯದು. ನೆಟ್ಟಗೆ ನಿಲ್ಲಿಸಿದಾಗ ಉಜ್ಜಾಟ ಜಾಸ್ತಿ, ಹಾಗಾಗಿ ಇದು ಇಳಿಯುತ್ತದೆ. ಈ ಅಳತೆಯನ್ನು ‘ಕಂಪನ ವಿಸ್ತಾರ’ ಎಂದರೆ ರಿಪೇರಿಯವರ ಬಾಯಲ್ಲಿ ನಿಲ್ಲುವುದಿಲ್ಲ. ‘ಬೀಸು’ ಆಗಬಹುದೇ, ‘ಓಲಾಟ’ವೇ? ನಿಮ್ಮ ಊರಿನ ವಾಚ್ ರಿಪೇರಿಯವರು ಇದಕ್ಕೆ ಏನನ್ನುತ್ತಾರೆ, ದಯವಿಟ್ಟು ಕೇಳಿ ತಿಳಿಸಿ.