ಲಡಾಖ್‌ನ ಗಡಿ, ಮೇವು, ನೀರು: ಪಶುವೈದ್ಯೆಯೊಬ್ಬರಿಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಈ ವಾರ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವವರು ಪಶುವೈದ್ಯೆ. ಲಡಾಖ್‌ನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ಪಶ್ಮೀನಾ ಮೇಕೆಗಳ ಆರೋಗ್ಯದ ಮೇಲೆ ಹಲವು ವರ್ಷ ಕೆಲಸ ಮಾಡಿದವರು. ಗಡಿ, ಸೋಲಾರ್, ಸಂವಿಧಾನದ ಆರನೇ ಪರಿಚ್ಛೇದ, ಏನು ಬೇಕಾದರೂ ಕೇಳಿ. ಪಕ್ಷಗಳ ಜಗಳ ಮಾತ್ರ ಇಲ್ಲಿ ಬೇಡ.

ಪ್ರಶ್ನೆ (ಹಾಸನದ ಶಿಕ್ಷಕಿ): ನಮಸ್ತೆ ಮೇಡಂ. 2024ರ ಅಕ್ಟೋಬರ್‌ನಲ್ಲಿ ಚೀನಾ ಜೊತೆ ಒಪ್ಪಂದ ಆಯ್ತು, ಗಸ್ತು ಮತ್ತೆ ಶುರುವಾಯ್ತು ಅಂತ ಓದಿದೆ. ಅಂದರೆ ಅಲ್ಲಿನ ಕುರಿ, ಮೇಕೆ ಕಾಯುವವರ ಕಷ್ಟ ಮುಗಿಯಿತಾ?

ಉತ್ತರ: ನಮಸ್ತೆ. ಸ್ವಲ್ಪ ಹಗುರಾಗಿದೆ, ಮುಗಿದಿಲ್ಲ. ಆ ಒಪ್ಪಂದ ಆಗಿದ್ದು ದೆಪ್ಸಾಂಗ್ ಮತ್ತು ದೆಮ್‌ಚೋಕ್, ಈ ಎರಡು ಜಾಗಗಳ ಬಗ್ಗೆ. ಗಸ್ತಿನ ಜೊತೆಗೆ ಮೇಯಿಸುವ ವಿಷಯವೂ ಅದರಲ್ಲಿ ಇದೆ. ಆದರೆ 2020ರ ಜೂನ್ 15ರಂದು ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತ ಮೇಲೆ, ಗಾಲ್ವಾನ್, ಪ್ಯಾಂಗಾಂಗ್ ಸರೋವರದ ಎರಡೂ ದಂಡೆ, ಗೋಗ್ರಾ, ಹಾಟ್ ಸ್ಪ್ರಿಂಗ್ಸ್‌ನಲ್ಲಿ ಎರಡೂ ಸೇನೆಗಳು ಹಿಂದೆ ಸರಿದು ನಡುವೆ ಖಾಲಿ ಪಟ್ಟಿ ಬಿಟ್ಟವಲ್ಲ, ಅದನ್ನೇ ಬಫರ್ ವಲಯ ಅನ್ನುವುದು. ಸರ್ಕಾರ ಅದನ್ನು ತಾತ್ಕಾಲಿಕ ಕ್ರಮ ಅಂತಲೇ ಕರೆದಿದೆ. ಸೈನಿಕರು ಹೋಗದ ಕಡೆ ಮೇಕೆ ಹಿಂಡನ್ನೂ ಬಿಡುವುದಿಲ್ಲ. ಚುಶೂಲ್ ಕಡೆಯವರ ದೊಡ್ಡ ತಕರಾರು ಇದೇ.

ಇಲ್ಲಿ ಒಂದು ವಿಷಯ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಚಾಂಗ್ಪಾ ಜನರಿಗೆ, ಅಂದರೆ ಚಾಂಗ್‌ಥಾಂಗ್‌ನ ಅಲೆಮಾರಿ ಕುರಿ, ಮೇಕೆ ಕಾಯುವವರಿಗೆ, ಬೇಸಿಗೆಯ ಮೇವಿನ ಜಾಗ ಬೇರೆ, ಚಳಿಗಾಲದ್ದು ಬೇರೆ. ಬೇಸಿಗೆಯಲ್ಲಿ ಎಲ್ಲಾದರೂ ಹುಲ್ಲು ಸಿಗುತ್ತದೆ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತದೆ. ಆಗ ಬೇಕಾದದ್ದು ಹಿಮ ಕಡಿಮೆ ನಿಲ್ಲುವ, ಗಾಳಿಗೆ ಮರೆ ಇರುವ ಕಣಿವೆ. ಅಂಥ ಜಾಗ ಬೆರಳೆಣಿಕೆಯಷ್ಟು, ಅದರಲ್ಲಿ ಒಳ್ಳೆಯವು ಹೆಚ್ಚಾಗಿ ಗಡಿಗೆ ಅಂಟಿಕೊಂಡೇ ಇವೆ. ಮೇಕೆಗಳು ಮರಿ ಹಾಕುವುದು ಫೆಬ್ರವರಿ, ಮಾರ್ಚ್ ಸುಮಾರಿಗೆ. ಹೊಟ್ಟೆಗಿಲ್ಲದ ತಾಯಿಗೆ ಹಾಲು ಬರುವುದಿಲ್ಲ, ಮರಿ ಒಂದೆರಡು ರಾತ್ರಿಯಲ್ಲೇ ಸಾಯುತ್ತದೆ. ಒಂದು ಕಣಿವೆ ಕೈತಪ್ಪಿದರೆ ದಿಲ್ಲಿಗೆ ಅದು ನಕ್ಷೆಯ ಮೇಲಿನ ಚುಕ್ಕೆ. ಅಲ್ಲಿನವರಿಗೆ ಆ ವರ್ಷದ ಮರಿಗಳೇ ಹೋದವು.

ಇನ್ನೂ ಒಂದು ಮಾತು. ಈ ಜಾಗ ನಮ್ಮದು ಅಂತ ಭಾರತ ಹೇಳುವಾಗ ತೋರಿಸುವ ಸಾಕ್ಷಿಯಲ್ಲಿ ಚಾಂಗ್ಪಾಗಳು ಅಲ್ಲಿ ತಲೆತಲಾಂತರದಿಂದ ಮೇಯಿಸುತ್ತಿದ್ದಾರೆ ಅನ್ನುವುದೂ ಒಂದು. 2024ರ ಜನವರಿಯಲ್ಲಿ ಕಾಕ್‌ಜುಂಗ್ ಹತ್ತಿರ ಕುರಿಗಾಹಿಗಳು ಚೀನೀ ಸೈನಿಕರಿಗೆ ಎದುರು ನಿಂತು ವಾದ ಮಾಡಿದ ವಿಡಿಯೋ ನೋಡಿರಬಹುದು. ಅವರು ಅಲ್ಲಿಂದ ಗುಳೆ ಹೋದರೆ ಸಾಕ್ಷಿಯೂ ಹೋಯಿತು ಅಲ್ವಾ?

ಪ್ರಶ್ನೆ (ಮೈಸೂರಿನ ವಿದ್ಯಾರ್ಥಿ): ಇಷ್ಟು ವರ್ಷ ಆದರೂ ಗಡಿ ಗೆರೆ ಎಲ್ಲಿ ಅಂತ ಯಾಕೆ ಗೊತ್ತಿಲ್ಲ ಮೇಡಂ?

ಉತ್ತರ: ನಾನು ದನದ ಡಾಕ್ಟರು ಮಾರಾಯ, ಇತಿಹಾಸದ ಮೇಷ್ಟ್ರಲ್ಲ! ಗೊತ್ತಿರುವಷ್ಟು ಹೇಳುತ್ತೇನೆ. ಬ್ರಿಟಿಷರೇ ಒಂದಲ್ಲ ಎರಡು ಗೆರೆ ಎಳೆದಿಟ್ಟು ಹೋದರು. 1865ರ ಜಾನ್ಸನ್ ಗೆರೆಯಲ್ಲಿ ಲಡಾಖ್‌ನ ಪೂರ್ವಕ್ಕಿರುವ ಅಕ್ಸಾಯ್ ಚಿನ್ ಬಯಲು ಕಾಶ್ಮೀರದ ಕಡೆಗೆ. 1899ರ ಮಕಾರ್ಟ್ನಿ-ಮ್ಯಾಕ್‌ಡೊನಾಲ್ಡ್ ಗೆರೆಯಲ್ಲಿ ಅದರ ಹೆಚ್ಚಿನ ಭಾಗ ಚೀನಾ ಕಡೆಗೆ. 1950ರ ದಶಕದಲ್ಲಿ ಚೀನಾ ಅಲ್ಲಿ ಟಿಬೆಟ್‌ನಿಂದ ಷಿನ್‌ಜಿಯಾಂಗ್‌ಗೆ ರಸ್ತೆ ಹಾಕಿತು, 1962ರಲ್ಲಿ ಯುದ್ಧ ಆಯಿತು, ಸುಮಾರು 38,000 ಚದರ ಕಿಲೋಮೀಟರ್ ಅವರ ಕೈಯಲ್ಲೇ ಉಳಿಯಿತು. ಈಗಿನ ವಾಸ್ತವ ನಿಯಂತ್ರಣ ರೇಖೆಯನ್ನು ಎರಡೂ ದೇಶ ಕೂತು ನಕ್ಷೆಯ ಮೇಲೆ ಗುರುತು ಮಾಡಿಲ್ಲ. ಅದರ ಉದ್ದದ ಬಗ್ಗೆಯೂ ಒಮ್ಮತ ಇಲ್ಲ. ನಾವು 3,488 ಕಿಲೋಮೀಟರ್ ಅಂತೀವಿ, ಚೀನಾ ಸುಮಾರು 2,000 ಅನ್ನುತ್ತದೆ.

ನನಗೆ ಇಷ್ಟವಾದ ಗಡಿ ಕಾಗದ ಅಂದರೆ 1684ರ ತಿಂಗ್‌ಮೋಸ್‌ಗಾಂಗ್ ಒಪ್ಪಂದ. ಲಡಾಖ್ ಮತ್ತು ಟಿಬೆಟ್ ನಡುವಿನದು. ಅದರಲ್ಲಿ ದೆಮ್‌ಚೋಕ್ ಹತ್ತಿರದ ಲ್ಹಾರಿ ಹೊಳೆಯನ್ನು ಗಡಿ ಅಂತ ಹೇಳಿದ್ದರು, ಪಶ್ಮೀನಾ ಉಣ್ಣೆ ಯಾರ ಮೂಲಕ ಮಾರಾಟ ಆಗಬೇಕು ಅಂತಲೂ ಬರೆದಿದ್ದರು. ಮೇಕೆ ವ್ಯಾಪಾರ ಬಿಟ್ಟು ಗಡಿಯ ಮಾತು ಆಗಲೂ ಇರಲಿಲ್ಲ.

ಪ್ರಶ್ನೆ (ಹುಬ್ಬಳ್ಳಿಯ ವ್ಯಾಪಾರಿ): ಕೇಂದ್ರಾಡಳಿತ ಪ್ರದೇಶ ಬೇಕು ಅಂತ ಕೇಳಿದವರು ಲಡಾಖ್‌ನವರೇ. ಸಿಕ್ಕ ಮೇಲೆ ಈಗ ರಾಜ್ಯ ಬೇಕು, ಆರನೇ ಪರಿಚ್ಛೇದ ಬೇಕು ಅಂತಾರೆ. ಇದೇನು ಕಥೆ?

ಉತ್ತರ: ಕೇಳಿದ್ದು ಲೇಹ್‌ನವರು. ದಶಕಗಟ್ಟಲೆ ಕೇಳಿದರು, ಶ್ರೀನಗರ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ ಅನ್ನುವ ಸಿಟ್ಟು ಅವರಿಗಿತ್ತು. ಕಾರ್ಗಿಲ್‌ನವರಿಗೆ ಅದು ಬೇಡವಾಗಿತ್ತು. 2019ರ ಅಕ್ಟೋಬರ್ 31ರಂದು ಕೇಂದ್ರಾಡಳಿತ ಬಂತು, ಆದರೆ ವಿಧಾನಸಭೆ ಇಲ್ಲದ್ದು. ಮೊದಲು ಜಮ್ಮು-ಕಾಶ್ಮೀರ ವಿಧಾನಸಭೆಯಲ್ಲಿ ನಾಲ್ಕು ಶಾಸಕರಾದರೂ ಇದ್ದರು. ಈಗ ಶಾಸಕರೇ ಇಲ್ಲ. ಇರುವುದು ಒಬ್ಬ ಸಂಸದ ಮತ್ತು ಲೇಹ್, ಕಾರ್ಗಿಲ್‌ಗೆ ಒಂದೊಂದು ಹಿಲ್ ಕೌನ್ಸಿಲ್, ಅಂದರೆ ಜಿಲ್ಲೆಯ ಚುನಾಯಿತ ಮಂಡಳಿ. ಹೊರಗಿನವರು ಜಮೀನು ಕೊಳ್ಳದಂತೆ ತಡೆಯುತ್ತಿದ್ದ 35ಎ ವಿಧಿಯೂ ಹೋಯಿತು. ಲೇಹ್‌ನವರಿಗೆ ನಿಧಾನಕ್ಕೆ ಅರ್ಥವಾಗಿದ್ದು ಇದು: ಶ್ರೀನಗರದ ಹಿಡಿತ ತಪ್ಪಿತು, ಆದರೆ ತೀರ್ಮಾನ ಇನ್ನೂ ದೂರ ಹೋಯಿತು. ಹಾಗಾಗಿ ಬೌದ್ಧರು ಹೆಚ್ಚಿರುವ ಲೇಹ್‌ನವರ ಅಪೆಕ್ಸ್ ಬಾಡಿ, ಶಿಯಾಗಳು ಹೆಚ್ಚಿರುವ ಕಾರ್ಗಿಲ್‌ನವರ ಡೆಮಾಕ್ರಟಿಕ್ ಅಲಯನ್ಸ್ ಒಂದಾದವು. ಅಲ್ಲಿನ ರಾಜಕೀಯ ಗೊತ್ತಿದ್ದವರಿಗೆ ಇದು ಸಣ್ಣ ಸಂಗತಿ ಅಲ್ಲ.

ಆರನೇ ಪರಿಚ್ಛೇದ ಈಗ ಇರುವುದು ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂನ ಬುಡಕಟ್ಟು ಪ್ರದೇಶಗಳಿಗೆ. ಅಲ್ಲಿನ ಜಿಲ್ಲಾ ಮಂಡಳಿಗಳಿಗೆ ಕೆಲವು ವಿಷಯಗಳಲ್ಲಿ ಕಾನೂನು ಮಾಡುವ ಅಧಿಕಾರ ಇದೆ. ಆ ಪಟ್ಟಿಯನ್ನು ಒಮ್ಮೆ ಓದಿ. ಮೊದಲಿಗೇ ಬರುವುದು ವ್ಯವಸಾಯ ಮತ್ತು ಮೇವಿಗಾಗಿ ಜಮೀನಿನ ಬಳಕೆ. ಬೇಸಾಯಕ್ಕೆ ಕಾಲುವೆ ನೀರಿನ ಬಳಕೆಯೂ ಇದೆ. ಚಾಂಗ್ಪಾ ಮನುಷ್ಯನಿಗೆ ಇದಕ್ಕಿಂತ ಬೇಕಾದದ್ದು ಏನಿದೆ ಹೇಳಿ. ಲಡಾಖ್‌ನ ಶೇಕಡ 97ರಷ್ಟು ಜನ ಬುಡಕಟ್ಟಿನವರು, ಈ ಸೌಲಭ್ಯ ಕೊಡಿ ಅಂತ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗವೇ 2019ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತ್ತು.

2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸ್ಥಳೀಯರಿಗೆ ಕೆಲಸದಲ್ಲಿ 85 ಶೇಕಡ ಮೀಸಲಾತಿ ಕೊಟ್ಟಿತು. ಒಳ್ಳೆಯದೇ. ಜಮೀನಿನ ಮಾತು ಅದರಲ್ಲಿ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಈ ಬೇಡಿಕೆಗಳ ಹೋರಾಟದ ನಡುವೆ ಗಲಭೆ ಆಗಿ ಗೋಲಿಬಾರಿನಲ್ಲಿ ನಾಲ್ವರು ಸತ್ತರು, ಅವರಲ್ಲಿ ಒಬ್ಬರು ಮಾಜಿ ಸೈನಿಕ. ಎರಡು ದಿನದ ಮೇಲೆ ಹೋರಾಟದ ಮುಂದಾಳು ಸೋನಮ್ ವಾಂಗ್‌ಚುಕ್ ಅವರನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧಿಸಿ ಜೋಧ್‌ಪುರಕ್ಕೆ ಕರೆದೊಯ್ದರು. ಆ ಗಲಭೆಯಲ್ಲಿ ಕಚೇರಿಗೆ ಬೆಂಕಿ ಇಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಡಿಯಲ್ಲಿ ಸೇನೆಯ ಕಣ್ಣು ಕಿವಿ ಆಗಿರುವ ಜನರನ್ನೇ ಅನುಮಾನದಿಂದ ನೋಡಲು ಶುರು ಮಾಡಿದರೆ ನಷ್ಟ ಯಾರಿಗೆ? ಇದು ನನ್ನ ಅಭಿಪ್ರಾಯ, ಒಪ್ಪಲೇಬೇಕು ಅಂತಿಲ್ಲ.

ಪ್ರಶ್ನೆ (ತುಮಕೂರಿನ ಇಂಜಿನಿಯರ್): ಅಲ್ಲಿ 13 ಗಿಗಾವ್ಯಾಟ್ ಸೋಲಾರ್ ಬರ್ತಿದೆಯಂತೆ. ನಮ್ಮ ಪಾವಗಡದಲ್ಲಿ ರೈತರಿಗೆ ವರ್ಷ ವರ್ಷ ಗೇಣಿ ಸಿಗ್ತಿದೆ. ಬರಡು ಭೂಮಿಯಲ್ಲಿ ದುಡ್ಡು ಬಂದರೆ ಬೇಡ ಅನ್ನೋದು ಯಾಕೆ?

ಉತ್ತರ: ಒಳ್ಳೇ ಪ್ರಶ್ನೆ ಸರ್. ಪಾವಗಡದ ಮಾದರಿ ನಡೆದದ್ದು ಒಂದೇ ಕಾರಣಕ್ಕೆ: ಪಹಣಿಯಲ್ಲಿ ರೈತನ ಹೆಸರಿತ್ತು. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗೇಣಿ ಶುರುವಾಯಿತು. ಜಮೀನು ಮಾರಲಿಲ್ಲ, ಬಾಡಿಗೆಗೆ ಕೊಟ್ಟರು. ಪಹಣಿ ಇಲ್ಲದವರ ಕಥೆ ಪಾವಗಡದಲ್ಲೇ ಬೇರೆ ಇದೆಯಲ್ಲ? ಕೂಲಿಗೆ ಹೋಗುತ್ತಿದ್ದವರಿಗೆ, ಬೀಳು ಹೊಲದಲ್ಲಿ ಕುರಿ ಬಿಡುತ್ತಿದ್ದವರಿಗೆ ಗೇಣಿ ಬರಲಿಲ್ಲ.

ಚಾಂಗ್‌ಥಾಂಗ್‌ನಲ್ಲಿ ಹೆಚ್ಚು ಕಡಿಮೆ ಎಲ್ಲರೂ ಆ ಎರಡನೇ ಗುಂಪಿನವರೇ. ಮೇವಿನ ಬಯಲಿಗೆ ಖಾಸಗಿ ಪಟ್ಟಾ ಇಲ್ಲ. ಯಾವ ಗುಂಪು ಯಾವ ತಿಂಗಳು ಎಲ್ಲಿ ಮೇಯಿಸಬೇಕು ಅಂತ ಊರಿನ ಮುಖ್ಯಸ್ಥ, ಅವರು ಗೋಬಾ ಅನ್ನುತ್ತಾರೆ, ಎಲ್ಲರನ್ನೂ ಕೂಡಿಸಿ ತೀರ್ಮಾನ ಮಾಡುತ್ತಾನೆ. ಈ ಪದ್ಧತಿ ಗಟ್ಟಿಯಾಗಿದೆ, ನಾನು ಕಣ್ಣಾರೆ ನೋಡಿದ್ದೇನೆ. ಕಂದಾಯ ಕಡತದಲ್ಲಿ ಮಾತ್ರ ಅದು ಸರ್ಕಾರದ ಖಾಲಿ ಜಮೀನು. ಯೋಜನೆ ಬರೆಯುವವರು ನೋಡುವುದು ಕಡತವನ್ನು.

ಯೋಜನೆಯ ಜಾಗ ಪಾಂಗ್ ಕಡೆಯ ಬಯಲು, ಸಮುದ್ರ ಮಟ್ಟದಿಂದ ಸುಮಾರು 15,000 ಅಡಿ ಮೇಲೆ. ಬಿಸಿಲು ಚೆನ್ನಾಗಿದೆ, ಗಾಳಿ ತಣ್ಣಗಿದೆ, ಫಲಕಗಳಿಗೆ ಹೇಳಿ ಮಾಡಿಸಿದ ಜಾಗ ಅನ್ನುವುದು ನಿಜ. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 20,773 ಕೋಟಿಗೂ ಹೆಚ್ಚಿನ ವೆಚ್ಚದ ವಿದ್ಯುತ್ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಹಿಮಾಚಲ, ಪಂಜಾಬ್ ದಾಟಿ ಹರಿಯಾಣದ ಕೈಥಲ್‌ವರೆಗೆ 713 ಕಿಲೋಮೀಟರ್. ಗಮನಿಸಿ, ಈ ಹಣ ವಿದ್ಯುತ್ ಸಾಗಿಸಲಿಕ್ಕೆ.

ಆ ಬಯಲಿನಲ್ಲಿ ಖರ್ನಕ್ ಮತ್ತು ಸಮದ್ ಗುಂಪಿನವರು ಹಿಂಡು ಮೇಯಿಸುತ್ತಾರೆ. ಖರ್ನಕ್‌ನ ಬಹಳಷ್ಟು ಕುಟುಂಬಗಳು ಈಗಾಗಲೇ ಲೇಹ್ ಪಕ್ಕದ ಖರ್ನಕ್‌ಲಿಂಗ್‌ಗೆ ಬಂದು ಕೂಲಿ, ಡ್ರೈವರ್ ಕೆಲಸ ಮಾಡುತ್ತಿವೆ. ಕಾರಣ ಸೋಲಾರ್ ಅಲ್ಲ. ಶಾಲೆ ಇಲ್ಲ, ಆಸ್ಪತ್ರೆ ದೂರ, ಚಳಿಗಾಲ ಕ್ರೂರ. 2013ರಂಥ ಭಾರೀ ಹಿಮ ಬಿದ್ದರೆ ಸಾವಿರಾರು ಪ್ರಾಣಿಗಳು ಒಟ್ಟಿಗೆ ಹೋಗುತ್ತವೆ. ಉಳಿದವರಿಗೆ ಒಂದು ಕಡೆ ಗಡಿಯ ಬಫರ್, ಇನ್ನೊಂದು ಕಡೆ ಬೇಲಿ ಅಂತಾದರೆ ಅವರೂ ಇಳಿದು ಬರುತ್ತಾರೆ.

ಸೋಲಾರ್ ಬೇಡ ಅಂತ ನಾನು ಹೇಳಲ್ಲ. ಮೊದಲು ಮೇಯಿಸುವ ಹಕ್ಕನ್ನು ಕಡತಕ್ಕೆ ಸೇರಿಸಿ. ಆಮೇಲೆ ಗೇಣಿ ಯಾರಿಗೆ, ಫಲಕಗಳ ನಡುವೆ ಹಿಂಡು ಓಡಾಡಲು ದಾರಿ ಎಲ್ಲಿ ಅಂತ ಗೋಬಾಗಳ ಜೊತೆ ಕೂತು ಮಾತಾಡಿ. ಈ ಕ್ರಮ ತಿರುಗುಮುರುಗು ಆದರೆ ಆಗುವುದಿಲ್ಲ. ‘ಬರಡು’ ಅಂದಿರಲ್ಲ, ಕಾರಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಬಗ್ಗಿ ನೋಡಿದರೆ ಬೆರಳಷ್ಟು ಎತ್ತರದ ಹುಲ್ಲು. ಮೇಕೆಗೆ, ಕಿಯಾಂಗ್ ಅನ್ನುವ ಕಾಡುಕತ್ತೆಗೆ ಅದೇ ಊಟ.

ಪ್ರಶ್ನೆ (ಅದೇ ಇಂಜಿನಿಯರ್): ಬಗ್ಗಿ ನೋಡುವ ಮಾತು ಸರಿ ಮೇಡಂ. ಹಿಮನದಿ ಕರಗುತ್ತಿದೆ ಅಂತಾರೆ, ಹಾಗಾದರೆ ನೀರು ಜಾಸ್ತಿ ಆಗಬೇಕಲ್ವಾ?

ಉತ್ತರ: ಬೇಕಾದಾಗ ಬರುವುದಿಲ್ಲ, ಅದೇ ತೊಂದರೆ. ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ. ಬಿತ್ತನೆ ಏಪ್ರಿಲ್, ಮೇ ತಿಂಗಳಲ್ಲಿ. ಮೇಲಿನ ಹಿಮನದಿ ಸರಿಯಾಗಿ ಕರಗುವುದು ಜೂನ್ ಮೇಲೆ. ನಡುವಿನ ಅಂತರವನ್ನು ಮೊದಲು ಕೆಳಗಿನ ಬೆಟ್ಟಗಳ ಹಿಮ ತುಂಬಿಸುತ್ತಿತ್ತು, ಅದು ಈಗ ನೆಚ್ಚಿಕೊಳ್ಳುವಂತಿಲ್ಲ. ಚೆವಾಂಗ್ ನೋರ್ಫೆಲ್ ಅನ್ನುವ ಇಂಜಿನಿಯರ್ ಚಳಿಗಾಲದ ನೀರನ್ನು ನೆರಳಿನ ಕಣಿವೆಯಲ್ಲಿ ತಡೆದು ಹೆಪ್ಪುಗಟ್ಟಿಸಿದರು, 2015ರಲ್ಲಿ ಪದ್ಮಶ್ರೀ ಬಂತು. ವಾಂಗ್‌ಚುಕ್ ಅವರ ಐಸ್ ಸ್ತೂಪ ಅದರ ಮುಂದಿನ ಹೆಜ್ಜೆ: ಮೇಲಿನಿಂದ ಪೈಪಿನಲ್ಲಿ ನೀರು ತಂದು ರಾತ್ರಿ ಚಿಮ್ಮಿಸಿದರೆ ಗೋಪುರವಾಗಿ ಗಟ್ಟಿಯಾಗುತ್ತದೆ, ಬಿತ್ತನೆ ಹೊತ್ತಿಗೆ ಕರಗುತ್ತದೆ. ಒಂದು ಊರಿನ ಹೊಲಕ್ಕೆ ಆದೀತು, ಇಡೀ ಪ್ರದೇಶಕ್ಕೆ ಅಲ್ಲ. ಪೈಪೇ ಹೆಪ್ಪುಗಟ್ಟುವುದೂ ಇದೆ.

ನೀರು ಹಂಚಲು ಊರಿಗೊಬ್ಬ ಚುರ್ಪೋನ್ ಇರುತ್ತಾನೆ, ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ ಹಾಗೆ. ಲೇಹ್ ಪೇಟೆಯಲ್ಲಿ ಅವನ ಮಾತು ಈಗ ನಡೆಯಲ್ಲ. ಹೋಟೆಲಿಗೊಂದು ಬೋರ್‌ವೆಲ್, ಪಕ್ಕದಲ್ಲೇ ಶೌಚದ ಗುಂಡಿ.

ಪ್ರಶ್ನೆ (ಬೆಂಗಳೂರಿನ ಬೈಕರ್): ಜೂನ್‌ನಲ್ಲಿ ಹೋಗ್ತಿದ್ದೀವಿ. ಎತ್ತರದ ಕಾಯಿಲೆಗೆ ಯಾವ ಮಾತ್ರೆ?

ಉತ್ತರ: ಮನುಷ್ಯರ ಡಾಕ್ಟರನ್ನು ಕೇಳಿ. ನಾನು ಕೊಟ್ಟರೆ ಮೇಕೆಯ ಡೋಸ್ ಆಗುತ್ತದೆ. ಲೇಹ್‌ನಲ್ಲಿ ಮೊದಲ ಎರಡು ದಿನ ಸುಮ್ನೆ ಮಲಗಿ. ಇದ್ದಷ್ಟು ದಿನ ಬಕೆಟ್ ಸ್ನಾನ. ಮೂರು ಲಕ್ಷ ಜನ ಇಲ್ಲದ ಜಾಗಕ್ಕೆ ಈಚೆಗೆ ಕೆಲವು ವರ್ಷ ಐದು ಲಕ್ಷದ ಮೇಲೆ ಪ್ರವಾಸಿಗರು ಬಂದಿದ್ದಾರೆ. ದಯವಿಟ್ಟು ಬಯಲಿನಲ್ಲಿ ಹುಲ್ಲಿನ ಮೇಲೆ ಬೈಕ್ ಓಡಿಸಿ ರೀಲ್ಸ್ ಮಾಡಬೇಡಿ. ಆ ಚಕ್ರದ ಗುರುತು ವರ್ಷಗಟ್ಟಲೆ ಅಳಿಸುವುದಿಲ್ಲ. ಹಾನ್ಲೆಗೆ ಹೋದರೆ ರಾತ್ರಿ ಹೆಡ್‌ಲೈಟ್ ಆರಿಸಿ. ಅಲ್ಲಿನ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು, ನಡೆಸುವುದು ಹೊಸಕೋಟೆಯಲ್ಲಿ ಕೂತು.

ಪ್ರಶ್ನೆ (ಧಾರವಾಡದ ನಿವೃತ್ತ ಸೈನಿಕ): ಮೇಡಂ, ನಮ್ಮ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಆಮೇಲೆ ಹೋದರು. ಅಲ್ಲಿಂದ ಸೇನೆ ವಾಪಸ್ ಬರಲಿ ಅನ್ನುವವರಿಗೆ ನೀವು ಏನು ಹೇಳ್ತೀರಿ?

ಉತ್ತರ: ಅದನ್ನು ಹೇಳುವಷ್ಟು ನಾನು ದೊಡ್ಡವಳಲ್ಲ ಸರ್, ನೀವೇ ನನಗಿಂತ ಬಲ್ಲವರು. 1984ರಿಂದ ಅಲ್ಲಿ ಗುಂಡಿಗಿಂತ ಚಳಿಗೇ ಜಾಸ್ತಿ ಜನ ಸತ್ತಿದ್ದಾರೆ, 2003ರ ಕದನ ವಿರಾಮದ ಮೇಲಂತೂ ಹವೆಯೇ ಶತ್ರು. ನನ್ನ ಕಣ್ಣಿಗೆ ಬೀಳುವುದು ಕೆಳಗಿನದು. ಆ ಹಿಮನದಿಯ ನೀರು ನುಬ್ರಾ ನದಿಯಾಗಿ ಶ್ಯೋಕ್ ಸೇರಿ ಸಿಂಧೂಗೆ ಹೋಗುತ್ತದೆ. ಮೇಲೆ ಬಿಟ್ಟ ಡಬ್ಬ, ಎಣ್ಣೆ, ಮಲ ಎಲ್ಲ ಆ ಚಳಿಯಲ್ಲಿ ಕೊಳೆಯುವುದಿಲ್ಲ, ಹಾಗೇ ಇರುತ್ತದೆ. ಕಸ ಕೆಳಗೆ ತರುವ ಕೆಲಸವನ್ನು ಸೇನೆಯೂ ಮಾಡುತ್ತಿದೆ. ಇನ್ನು ಲಡಾಖಿಗಳಿಗೆ ಸೇನೆ ಅಂದರೆ ದೊಡ್ಡ ಗಿರಾಕಿಯೂ ಹೌದು. ತರಕಾರಿ ಕೊಳ್ಳುವವರು ಅವರು, ಹೊರೆ ಹೊರುವ ಕೆಲಸ ಕೊಡುವವರೂ ಅವರೇ.

ಪ್ರಶ್ನೆ (ಮಂಡ್ಯದ ಸದಸ್ಯ): ಕೊನೇದು. ಎಕ್ಸಿಬಿಷನ್‌ನಲ್ಲಿ 900 ರೂಪಾಯಿಗೆ ‘ಅಸಲಿ ಪಶ್ಮೀನಾ’ ಶಾಲು ತಗೊಂಡೆ, ಮನೆಯವಳಿಗೆ. ಉಂಗುರದಲ್ಲಿ ತೂರಿಸಿ ತೋರಿಸಿದ್ರು. ಅಸಲಿನಾ?

ಉತ್ತರ: ತೆಳ್ಳಗಿನ ರೇಷ್ಮೆ, ವಿಸ್ಕೋಸ್ ಕೂಡ ಉಂಗುರದಲ್ಲಿ ತೂರುತ್ತವೆ. ಲೆಕ್ಕ ಹಾಕಿ: ಒಂದು ಮೇಕೆಯಿಂದ ವರ್ಷಕ್ಕೆ ಕಾಲು ಕಿಲೋ ಆಸುಪಾಸು ಕಚ್ಚಾ ಉಣ್ಣೆ. ಒರಟು ಕೂದಲು ತೆಗೆದರೆ ಅರ್ಧವೂ ಉಳಿಯುವುದಿಲ್ಲ. ಉಳಿದದ್ದು 12ರಿಂದ 14 ಮೈಕ್ರಾನ್ ದಪ್ಪದ ಎಳೆ. ಅದನ್ನು ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯಬೇಕು. ಹೆಚ್ಚಿನ ನೇಯ್ಗೆ ಇಂದಿಗೂ ಕಾಶ್ಮೀರದಲ್ಲೇ, ಹಾಗಾಗಿ ಲಾಭವೂ ಅಲ್ಲೇ. 2023ರಲ್ಲಿ ಲಡಾಖ್ ಪಶ್ಮೀನಾಗೆ ಬೇರೆಯೇ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ಕೊಳ್ಳುವಾಗ ಆ ಲೇಬಲ್ ಕೇಳಿ. 900ಕ್ಕೆ ಸಿಗುವ ಮಾತೇ ಇಲ್ಲ.

ಮಂಡ್ಯದ ಸದಸ್ಯ: ಮನೇಲಿ ಹೇಳಬೇಕಾ ಮೇಡಂ?

ಉತ್ತರ: ಬೆಚ್ಚಗಿದ್ದರೆ ಹೊದ್ದುಕೊಳ್ಳಲಿ ಬಿಡಿ.