ಕನ್ನಡಿ ಮುಂದೆ ನಿಂತ್ರೆ ಕಾಲು ನನ್ನ ಮಾತು ಕೇಳಲ್ಲ, ಯಾರಿಗಾದ್ರೂ ಹೀಗಾಗಿದ್ಯಾ?

ತಟ್ಟಡವು:
ಹೆರಿಗೆ ಆಗಿ, ಡಾಕ್ಟರ್ ಓಕೆ ಅಂದ್ಮೇಲೆ ಮತ್ತೆ ಭರತನಾಟ್ಯ ಕ್ಲಾಸಿಗೆ ಹೋಗ್ತಿದೀನಿ. ಮನೇಲಿ ಅಡುಗೆಕಟ್ಟೆ ಪಕ್ಕ ನಿಂತು ಮಾಡಿದ್ರೆ ಮೂರು ಕಾಲದಲ್ಲೂ, ಅಂದ್ರೆ ಮೂರು ವೇಗದಲ್ಲೂ, ತಾಳ ತಪ್ಪಲ್ಲ. ಕ್ಲಾಸಲ್ಲಿ ಗೋಡೆ ತುಂಬಾ ಕನ್ನಡಿ, ಅರೆಮಂಡಿ (ಮೊಣಕಾಲು ಹೊರಕ್ಕೆ ಬಗ್ಗಿಸಿ ಅರ್ಧ ಕೂರೋ ಭಂಗಿ) ಕೂತ ತಕ್ಷಣ ಕಣ್ಣು ಹೊಟ್ಟೆ ಮೇಲೇ ಹೋಗತ್ತೆ, ಆಮೇಲೆ ಕಾಲು ಬೇರೆ ಯಾರದ್ದೋ ಅನ್ಸೋಕೆ ಶುರು, ಏಳತ್ತೆ ಆದ್ರೆ ನಾನೇ ಎತ್ತಿದೆ ಅನ್ಸಲ್ಲ, ತಟ್ಟು ತಡವಾಗಿ ಬೀಳತ್ತೆ. ತೂಕ ಇಳಿಸು ಎಲ್ಲಾ ಸರಿಹೋಗತ್ತೆ ಅಂತಾರೆ ಎಲ್ರೂ. ನಿಜಾನಾ?

ಫಿಸಿಯೋ_ಹುಬ್ಬಳ್ಳಿ:
ಅಕ್ಕಾರ, ತೂಕಾನ ಕಾರಣ ಆಗಿದ್ರ ಅಡಗಿಮನ್ಯಾಗೂ ತಾಳ ತಪ್ಪಬೇಕಿತ್ತಲ್ರೀ. ಕಾಲು ಎತ್ತೂ ಮುಂಚೇನ ಮಿದುಳು ಈಗ ಹೆಂಗ ಅನ್ನಿಸ್ತೈತಿ ಅಂತ ಒಂದು ಅಂದಾಜು ಹಾಕಿರ್ತೈತಿ, ಸ್ನಾಯು ಕೀಲಿನಿಂದ ಬರೂ ಸುದ್ದಿ ಅದಕ್ಕ ಹೊಂದಿದ್ರ 'ನಾನ ಮಾಡಿದೆ' ಅನ್ನಿಸ್ತೈತಿ. ಬಸುರಿದ್ದಾಗ ಮೈಭಾರ ಮುಂದಕ್ಕ ಸರಿದಿರ್ತೈತಿ, ಹೆರಿಗಿ ಆದ್ಮ್ಯಾಲೆ ಮತ್ತ ಬದಲಾಗ್ತೈತಿ, ಹಂಗಾಗಿ ಆ ಅಂದಾಜು ಹೊಸದಾಗಿ ಕೂಡಬೇಕು, ಮೈ ಆಡಿಸ್ತಾ ಆಡಿಸ್ತಾನ ಅದು ಕೂಡೂದು. ಹೊಟ್ಟಿ ನಡುವಿನ ಸ್ನಾಯು ಇನ್ನೂ ಬಿಟ್ಕೊಂಡಿದ್ರ ಒಮ್ಮೆ ತೋರಿಸ್ರಿ, ಅದು ಬ್ಯಾರೆ ಮಾತು.

ಎಂಎ_ಸೈಕಾಲಜಿ:
ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಯೂನಿವರ್ಸಿಟಿಯವ್ರು 2013ರಲ್ಲಿ ಅನೊರೆಕ್ಸಿಯಾ (ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡೋ ಕಾಯಿಲೆ) ಇರೋ ಹೆಂಗಸರನ್ನ ಬಾಗಿಲಿನಂಥ ಸಂದಿಗಳಲ್ಲಿ ನಡೆಸಿ ನೋಡಿದ್ರು. ಸಂದಿ ಅವರ ಭುಜಕ್ಕಿಂತ 40% ಅಗಲ ಇದ್ದಾಗ್ಲೇ ಅವರು ಭುಜ ಓರೆ ಮಾಡೋಕೆ ಶುರು ಮಾಡ್ತಿದ್ರು, ಆ ಕಾಯಿಲೆ ಇಲ್ಲದವ್ರು ಮಾಡಿದ್ದು 25% ಅಗಲ ಇದ್ದಾಗ. ಅಂದ್ರೆ ನಾನು ದಪ್ಪ ಅನ್ನೋ ನಂಬಿಕೆ ನಡಿಗೆಗೂ ಇಳಿದಿರತ್ತೆ. ಇನ್ನೊಂದು ಕಡೆ ಬ್ರಿಟನ್ನಿನ ಇಯಾನ್ ವಾಟರ್‌ಮನ್ ಅನ್ನೋರಿಗೆ 19ನೇ ವಯಸ್ಸಲ್ಲಿ ಕಾಯಿಲೆಯಿಂದ ಕತ್ತಿನ ಕೆಳಗೆ ಕೈಕಾಲು ಎಲ್ಲಿದೆ ಅನ್ನೋ ಅರಿವೇ ಹೋಯ್ತು, ಕಣ್ಣಲ್ಲಿ ನೋಡ್ಕೊಂಡೇ ನಡೆಯೋದು ಕಲಿತ್ರು, ಆದ್ರೆ ಪ್ರತಿ ಹೆಜ್ಜೆಗೂ ಪೂರ್ತಿ ಗಮನ ಬೇಕು. ಒಳಗಿಂದ ಬರೋ ಅರಿವು ನಿಮಗೆ ಚೆನ್ನಾಗೇ ಇದೆ, ಕನ್ನಡಿ ಸಿಕ್ಕಾಗ ಗಮನವೆಲ್ಲ ಹೊರಗಿಂದ ಹೇಗೆ ಕಾಣ್ತೀನಿ ಅನ್ನೋದಕ್ಕೆ ಖರ್ಚಾಗ್ತಿದೆ ಅನ್ಸತ್ತೆ ನಂಗೆ. ಊಟ ಬಿಡೋ ಮಟ್ಟಕ್ಕೆ ಹೋದ್ರೆ ದಯವಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡ್ತಾರೆ.

ಬಡಗುತಿಟ್ಟು:
ನಾನು ಯಕ್ಷಗಾನದ ಹವ್ಯಾಸಿ ವೇಷಧಾರಿ. ಚೌಕಿಯಲ್ಲಿ (ಬಣ್ಣದ ಕೋಣೆ) ವೇಷ ಕಟ್ಟಿ ಮುಗಿಯುವಷ್ಟರಲ್ಲಿ ತಲೆ ಮೇಲೆ ಮುಂಡಾಸು, ಹೆಗಲಿಗೆ ಭುಜಕೀರ್ತಿ, ಮೈ ಎಷ್ಟೋ ಅಗಲ ಆಗಿರ್ತದೆ. ಹೊಸಬರು ಕೈ ಎತ್ತಿದ್ರೆ ಭುಜಕೀರ್ತಿಗೆ ತಾಗ್ತದೆ, ಹಳಬರು ಮಂಡಿ ಹಾಕಿ ತಿರುಗಿದ್ರೂ ಎಲ್ಲೂ ತಾಗುದಿಲ್ಲ. ಮೈ ದೊಡ್ಡದಾದ್ರೆ ಹಿಡಿತ ಹೋಗ್ತದೆ ಅನ್ನುದನ್ನ ನಾನಂತೂ ಒಪ್ಪುದಿಲ್ಲ ಮಾರಾಯ್ರೆ. ನಮ್ಗೆ ಕನ್ನಡಿ ಬಣ್ಣ ಹಚ್ಚುಕೆ, ಹೆಜ್ಜೆ ಕಲಿತದ್ದು ಮದ್ದಳೆ ಕೇಳಿಕೊಂಡು. ಕ್ಲಾಸಲ್ಲಿ ಕನ್ನಡಿಗೆ ಬೆನ್ನು ಹಾಕಿ ನಿಲ್ಲಿ, ಟೀಚರ್ ಬೇಡ ಅನ್ಲಿಕ್ಕಿಲ್ಲ.

ತಟ್ಟಡವು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಊಟ ಬಿಟ್ಟಿಲ್ಲ, ಮಗುಗೆ ಹಾಲು ಕೊಡ್ತಿದೀನಲ್ಲ. ನಾಳೆ ಟೀಚರನ್ನ ಕೇಳ್ತೀನಿ. ಆದ್ರೆ ಕನ್ನಡಿ ಬಿಟ್ರೆ ಅರೆಮಂಡಿ ಆಳ ಸರಿ ಇದ್ಯಾ ಅಂತ ಹೇಗೆ ಗೊತ್ತಾಗೋದು?

ಫಿಸಿಯೋ_ಹುಬ್ಬಳ್ಳಿ:
ಮೊದ್ಲು ಕಣ್ಣು ಮುಚ್ಚಿ ಕೂತು, ಮೊಣಕಾಲು ಪಾದದ ಬೆರಳಿನ ದಿಕ್ಕಿಗೇ ಹೊಂಟೈತೇನು ಅಂತ ಒಳಗಿಂದಾನ ಅಂದಾಜು ಮಾಡ್ರಿ, ಆಮ್ಯಾಲೆ ಬಗ್ಗಿ ಮೊಣಕಾಲು ಅಷ್ಟ ನೋಡ್ಕೋರಿ. ಆಳ ಟೀಚರ್ ನೋಡ್ತಾರ ಬಿಡ್ರಿ.